‘ಬಲ ಮತ್ತು ಚಲನೆ’ ಕಿಟ್: ಡಬ್ಬಿ ಇಟ್ಟುಕೊಳ್ಳಿ, ಪುಸ್ತಕ ಪಕ್ಕಕ್ಕಿಡಿ

ಮೊದಲು ರೇಟಿಂಗ್ ಹೇಳಿಬಿಡುತ್ತೇನೆ, ಜಗಳ ಆಮೇಲೆ. ಐದಕ್ಕೆ ಮೂರು ಸ್ಟಾರ್. ಡಬ್ಬಿಯೊಳಗಿನ ಸಾಮಾನಿಗೆ ಮಾತ್ರ ಆಗಿದ್ದರೆ ನಾಲ್ಕು ಕೊಡುತ್ತಿದ್ದೆ. ಜೊತೆಗೆ ಬಂದ ಪುಸ್ತಕಕ್ಕೆ ಒಂದೂ ಜಾಸ್ತಿ.

ಮಗಳು ಎಂಟನೇ ಕ್ಲಾಸು. ನಮ್ಮ ರಾಜ್ಯದ ವಿಜ್ಞಾನ ಪುಸ್ತಕದಲ್ಲಿ ಈ ವರ್ಷ ಬಲ, ಒತ್ತಡ, ಘರ್ಷಣೆ ಎಲ್ಲ ಬರುತ್ತವೆ, ಮುಂದಿನ ವರ್ಷ ಗುರುತ್ವಾಕರ್ಷಣೆ. ಓದಿ ಬಾಯಿಪಾಠ ಮಾಡುವ ಬದಲು ಕೈಯಲ್ಲಿ ಹಿಡಿದು ನೋಡಲಿ ಅಂತ ಆನ್‌ಲೈನಲ್ಲಿ ಹುಡುಕಿದೆ. ಸಾವಿರದ ನಾನೂರು ರೂಪಾಯಿ ಆಸುಪಾಸಿಗೆ ಒಂದು ಕಿಟ್ ಸಿಕ್ಕಿತು. ಕಂಪನಿ ಹೆಸರು ಬರೆಯುತ್ತಿಲ್ಲ. ಅದೇ ಸಾಮಾನು, ಅದೇ ಪುಸ್ತಕ, ಬೇರೆ ಬೇರೆ ಬಣ್ಣದ ಡಬ್ಬಿಯಲ್ಲಿ ಬೇರೆ ಬೇರೆ ಹೆಸರಲ್ಲಿ ಮಾರಾಟಕ್ಕಿದೆ, ಫೋಟೋ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹಳದಿ ಹಿಡಿಕೆಯ ಸ್ಪ್ರಿಂಗ್ ತಕ್ಕಡಿ, ಮಡಚುವ ಹಲಗೆ, ಕೊಕ್ಕೆ ಹಾಕಿದ ಮರದ ತುಂಡು ಕಂಡರೆ ಅದೇ ಅಂತ ತಿಳಿದುಕೊಳ್ಳಿ.

ಒಳಗೆ ಇನ್ನೇನಿದೆ ಅಂದರೆ: 50 ಗ್ರಾಂನ ನಾಲ್ಕು ತೂಕದ ಬಿಲ್ಲೆ, ಎರಡು ಪ್ಲಾಸ್ಟಿಕ್ ರಾಟೆ, ಒಂದು ಬ್ಯಾಟರಿ ಕಾರು, ಒಂದು ಉಕ್ಕಿನ ಗುಂಡು, ಅಷ್ಟೇ ಗಾತ್ರದ ಪ್ಲಾಸ್ಟಿಕ್ ಗುಂಡು, ಪುಟ್ಟ ಪ್ಯಾರಾಚೂಟ್, ಮೊಣಕೈ ಉದ್ದದ ದಾರ, ಸ್ಟಾಪ್‌ವಾಚ್, ಕೋನ ಅಳೆಯುವ ಪಟ್ಟಿ. ಕಾರಿಗೆ ಸೆಲ್ ಕೊಟ್ಟಿಲ್ಲ. ಯಾರೂ ಕೊಡಲ್ಲ ಬಿಡಿ.

ಇದರಲ್ಲಿ ದುಡ್ಡಿಗೆ ತಕ್ಕ ಬೆಲೆ ಇರುವುದು ಸ್ಪ್ರಿಂಗ್ ತಕ್ಕಡಿಗೆ. ನಿಜ ಹೇಳಬೇಕೆಂದರೆ ಇಡೀ ಕಿಟ್ ಅಂದರೆ ಆ ತಕ್ಕಡಿ ಮತ್ತು ಆ ಮರದ ತುಂಡು, ಮಿಕ್ಕಿದ್ದೆಲ್ಲ ಡಬ್ಬಿ ತುಂಬಿಸಲು ಹಾಕಿದ್ದು. ಯಾಕೆ ಅಂತೀರಾ, ಬಲ ಅನ್ನುವುದು ಕಣ್ಣಿಗೆ ಕಾಣುವ ವಸ್ತು ಅಲ್ಲ. ‘ತಳ್ಳುವಿಕೆ ಅಥವಾ ಎಳೆಯುವಿಕೆ’ ಅಂತ ವ್ಯಾಖ್ಯೆ ಬರೆದು ಎರಡು ಮಾರ್ಕು ತಗೊಂಡ ಮಗುವಿಗೆ ‘ಎಷ್ಟು ಎಳೆತ?’ ಅಂತ ಕೇಳಿ ನೋಡಿ, ಸುಮ್ನೆ ಮುಖ ನೋಡುತ್ತದೆ. ಈ ತಕ್ಕಡಿಯಲ್ಲಿ ಒಂದು ಕಡೆ ಗ್ರಾಂ, ಇನ್ನೊಂದು ಕಡೆ ನ್ಯೂಟನ್ (ಬಲ ಅಳೆಯುವ ಮಾನ) ಗೆರೆ ಇದೆ. ಐದು ನ್ಯೂಟನ್‌ವರೆಗೆ ಅಳೆಯುತ್ತದೆ. ಒಂದು ಗೆರೆ ಅಂದರೆ 0.1 ನ್ಯೂಟನ್. ನೂರು ಗ್ರಾಂ ತೂಗುಹಾಕಿದರೆ ಮುಳ್ಳು ಹೆಚ್ಚುಕಡಿಮೆ ಒಂದು ನ್ಯೂಟನ್ ಹತ್ತಿರ ನಿಲ್ಲುತ್ತದೆ, ಲೆಕ್ಕ ಹಾಕಿದರೆ 0.98. ಇದಿಷ್ಟು ಕೈಗೆ ಬಂದ ಮೇಲೆ ಒಂದು ನ್ಯೂಟನ್ ಎಂದರೆ ಎಷ್ಟು ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ.

ಒಂದು ಕಿವಿಮಾತು, ಪುಸ್ತಕದಲ್ಲಿ ಇಲ್ಲದ್ದು. ತಕ್ಕಡಿಯನ್ನು ನೇತುಹಾಕಿದಾಗ ಮುಳ್ಳು ಸೊನ್ನೆಯಲ್ಲಿ ಇರುತ್ತದೆ. ಅದನ್ನೇ ಮೇಜಿನ ಮೇಲೆ ಮಲಗಿಸಿದರೆ ಮುಳ್ಳು ಸೊನ್ನೆಗಿಂತ ಸ್ವಲ್ಪ ಒಳಗೆ ಹೋಗುತ್ತದೆ. ಕೆಟ್ಟಿಲ್ಲ, ಗಾಬರಿ ಬೇಡ. ನೇತಾಡುವಾಗ ಕೊಕ್ಕೆಯ ತೂಕವೂ ಸ್ಪ್ರಿಂಗನ್ನು ಎಳೆಯುತ್ತಿರುತ್ತದೆ, ಮಲಗಿಸಿದಾಗ ಆ ಎಳೆತ ಇಲ್ಲ. ಮೇಲಿನ ತಿರುಪನ್ನು ತಿರುಗಿಸಿ ಮತ್ತೆ ಸೊನ್ನೆಗೆ ತಂದುಕೊಂಡು ಆಮೇಲೆ ಅಡ್ಡಲಾಗಿ ಎಳೆಯಬೇಕು. ಇದನ್ನು ಮಾಡದಿದ್ದರೆ ಘರ್ಷಣೆಯ ಪ್ರತಿ ಅಳತೆಯೂ ಕಡಿಮೆ ಬರುತ್ತದೆ. ನಮ್ಮದರಲ್ಲಿ ಎರಡು ಗೆರೆ ವ್ಯತ್ಯಾಸ ಇತ್ತು. ಅಳೆಯುತ್ತಿರುವುದೇ ಮೂರು ನಾಲ್ಕು ಗೆರೆ ಅಂದಾಗ ಎರಡು ಗೆರೆ ಕಮ್ಮಿಯೇನಲ್ಲ, ಅಲ್ವಾ?

ಈಗ ಘರ್ಷಣೆ. ಈ ಕಿಟ್ಟಿನ ಜೀವ ಇಲ್ಲಿದೆ.

ಮರದ ತುಂಡನ್ನು ಹಲಗೆಯ ಮೇಲೆ ಇಟ್ಟು, ಕೊಕ್ಕೆಗೆ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ತುಂಡು ಅಲ್ಲಾಡಲ್ಲ, ಆದರೆ ಮುಳ್ಳು ಏರುತ್ತದೆ. 0.1, 0.2, 0.3. ಇಲ್ಲೇ ಮಗಳು ನಿಲ್ಲಿಸಿ ಕೇಳಿದ ಪ್ರಶ್ನೆ ಒಳ್ಳೆಯದಿತ್ತು: ‘ಅಲ್ಲಾಡೇ ಇಲ್ಲ, ಮತ್ತೆ ಘರ್ಷಣೆ ಎಲ್ಲಿಂದ ಬಂತು?’ ಬಂದೇ ಇದೆ. ನಾವು 0.2 ಎಳೆದರೆ ಹಲಗೆಯೂ ಅಷ್ಟೇ 0.2 ಹಿಂದಕ್ಕೆ ಎಳೆಯುತ್ತದೆ, 0.3 ಎಳೆದರೆ 0.3. ನಾವು ಕೇಳಿದಷ್ಟೇ ಕೊಡುತ್ತದೆ, ಒಂದು ಮಿತಿಯವರೆಗೆ. 0.4 ಹತ್ತಿರ ಬಂದಾಗ ತುಂಡು ಟಕ್ ಅಂತ ಬಿಟ್ಟುಕೊಂಡು ಹೊರಟಿತು, ಅದೇ ಕ್ಷಣಕ್ಕೆ ಮುಳ್ಳು 0.3ಕ್ಕೆ ಇಳಿಯಿತು. ಆಮೇಲೆ ಒಂದೇ ವೇಗದಲ್ಲಿ ಎಳೆಯುತ್ತಾ ಹೋದರೆ 0.3ರಲ್ಲೇ ನಿಂತಿರುತ್ತದೆ. ಊರಿನ ತೇರು ಎಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲ ಅಲುಗಾಟಕ್ಕೆ ಇಡೀ ಊರಿನ ಕೈ ಬೇಕು, ಹಿಂದಿನಿಂದ ಸನ್ನೆಕೋಲು ಹಾಕಿ ಮೀಟಬೇಕು, ಒಮ್ಮೆ ಹೊರಟಿತೋ ಆಮೇಲೆ ಹಗ್ಗ ಹಿಡಿದವರೇ ಓಡಬೇಕು. ತೇರಿನಲ್ಲಿ ಗಾಲಿ, ಅಚ್ಚು ಅಂತ ಬೇರೆ ವಿಷಯವೂ ಸೇರಿಕೊಂಡಿದೆ, ಆದರೆ ಹೊರಡಿಸುವ ಕಷ್ಟ ಬೇರೆ, ಓಡಿಸುವ ಕಷ್ಟ ಬೇರೆ ಅನ್ನುವುದು ಎರಡರಲ್ಲೂ ಒಂದೇ. ಮುಳ್ಳು ಏರಿ ಬೀಳುವ ಆ ಒಂದು ಕ್ಷಣ ನೋಡಿದ ಮೇಲೆ ಸ್ಥಾಯಿ ಘರ್ಷಣೆ, ಜಾರು ಘರ್ಷಣೆ ಅಂತ ಎರಡು ಹೆಸರು ಯಾಕೆ ಬೇಕಾಯಿತು ಅನ್ನುವುದನ್ನು ಬಿಡಿಸಿ ಹೇಳುವ ಕೆಲಸವೇ ಇಲ್ಲ.

ತುಂಡಿನದೂ ನೂರು ಗ್ರಾಂ. ಅದರ ಮೇಲೆ ಎರಡು ಬಿಲ್ಲೆ ಇಟ್ಟರೆ, ಅಂದರೆ ಭಾರ ದುಪ್ಪಟ್ಟು ಮಾಡಿದರೆ, 0.3 ಹೋಗಿ 0.6 ಆಗುತ್ತದೆ. ನಾಲ್ಕು ಇಟ್ಟರೆ 0.9. ಇಷ್ಟು ಚೊಕ್ಕವಾಗಿ ಬರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಇಲ್ಲಿಂದ ಮುಂದೆ ಪುಸ್ತಕದ ಜೊತೆ ಜಗಳ. ಎಂಟನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದಾರೆ: ಅಗಲವಾದ ಮೈ ಕೆಳಗಿದ್ದರೆ ಘರ್ಷಣೆ ಜಾಸ್ತಿ, ಸಣ್ಣ ಮೈ ಕೆಳಗಿದ್ದರೆ ಕಡಿಮೆ. ಓದಿದರೆ ಹೌದಲ್ಲ ಅನಿಸುತ್ತದೆ. ಹೆಚ್ಚು ಜಾಗ ತಾಗಿದರೆ ಹೆಚ್ಚು ಉಜ್ಜುತ್ತದೆ, ಇನ್ನೇನು. ಆದರೆ ಅದೇ ಡಬ್ಬಿಯ ತುಂಡನ್ನು, ಅದೇ ತಕ್ಕಡಿಗೆ ಕಟ್ಟಿ, ಒಮ್ಮೆ ಅಂಗಾತ ಮಲಗಿಸಿ ಎಳೆಯಿರಿ, ಒಮ್ಮೆ ಅಂಚಿನ ಮೇಲೆ ನಿಲ್ಲಿಸಿ ಎಳೆಯಿರಿ. ಎರಡಕ್ಕೂ 0.3! ತಾಗುವ ಜಾಗ ಅರ್ಧಕ್ಕಿಂತ ಕಡಿಮೆ ಆಗಿದೆ, ಮುಳ್ಳು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ.

ಇದು ಹೊಸ ವಿಷಯ ಅಲ್ಲ. ಫ್ರಾನ್ಸಿನ ಗಿಯೋಮ್ ಅಮೋಂತೋಂ ಎಂಬಾತ 1699ರಲ್ಲೇ ಇದನ್ನು ಹೇಳಿದ್ದಾನೆ. ಅವನಿಗಿಂತ ಇನ್ನೂರು ವರ್ಷ ಹಿಂದೆ ಲಿಯೊನಾರ್ಡೊ ಡ ವಿಂಚಿ ತನ್ನ ನೋಟ್‌ಬುಕ್ಕಿನಲ್ಲಿ ಮರದ ತುಂಡುಗಳನ್ನು ಅಡ್ಡ, ಉದ್ದ, ನಿಲುವು ಅಂತ ಬೇರೆ ಬೇರೆ ರೀತಿ ಇಟ್ಟು ಚಿತ್ರ ಬರೆದುಕೊಂಡಿದ್ದ, ಪ್ರಕಟ ಮಾಡಲಿಲ್ಲ ಅಷ್ಟೆ. ಹೀಗೇಕೆ ಅನ್ನುವುದಕ್ಕೆ ಸರಿಯಾದ ಉತ್ತರ ಬಂದಿದ್ದು ಮಾತ್ರ ತೀರಾ ಈಚೆಗೆ, 20ನೇ ಶತಮಾನದ ಮಧ್ಯದಲ್ಲಿ ಕೇಂಬ್ರಿಜ್‌ನ ಬೌಡನ್ ಮತ್ತು ಟೇಬರ್ ಅವರಿಂದ. ನಯವಾಗಿ ಕಾಣುವ ಮೈ ಕೂಡ ಹತ್ತಿರದಿಂದ ನೋಡಿದರೆ ಉಬ್ಬುತಗ್ಗು. ಎರಡು ಮೈಗಳು ತಾಗುವುದು ಆ ಉಬ್ಬುಗಳ ತುದಿಯಲ್ಲಿ ಮಾತ್ರ. ನಮ್ಮ ಕಣ್ಣಿಗೆ ಅಂಗೈಯಗಲ ತಾಗಿದಂತೆ ಕಂಡರೂ ನಿಜವಾಗಿ ತಾಗಿರುವುದು ಅದರಲ್ಲಿ ತುಂಬಾ ಸಣ್ಣ ಪಾಲು. ಅಂಗಾತ ಮಲಗಿಸಿದರೆ ತುದಿಗಳು ಜಾಸ್ತಿ, ಒಂದೊಂದರ ಮೇಲೆ ಬೀಳುವ ಭಾರ ಕಡಿಮೆ. ಅಂಚಿನ ಮೇಲೆ ನಿಲ್ಲಿಸಿದರೆ ತುದಿಗಳು ಕಡಿಮೆ, ಆದರೆ ಒಂದೊಂದೂ ಜಾಸ್ತಿ ಭಾರಕ್ಕೆ ಜಾಸ್ತಿ ಚಪ್ಪಟೆಯಾಗುತ್ತದೆ. ಕೊನೆಗೆ ಲೆಕ್ಕ ಸಮ. ತುಂಡಿನ ಒಂದು ಮುಖಕ್ಕೆ ರಬ್ಬರ್ ಅಂಟಿಸಿದ್ದಾರೆ ನೋಡಿ, ಅದರಲ್ಲಿ ಮಾತ್ರ ಈ ಲೆಕ್ಕ ಇಷ್ಟು ಚೊಕ್ಕ ಬರಲ್ಲ. ರಬ್ಬರ್ ಮೆತ್ತಗಿನ ಜಾತಿ, ಅದರ ನಿಯಮವೇ ಸ್ವಲ್ಪ ಬೇರೆ.

ತಪ್ಪಿನಲ್ಲಿ ಹದಿಮೂರನೇ ಪುಟ ಇದಕ್ಕಿಂತ ಒಂದು ಕೈ ಮೇಲು. ಇಳಿಜಾರು ಹಲಗೆಯ ಪ್ರಯೋಗ. ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ, ತುಂಡು ಯಾವ ಕೋನದಲ್ಲಿ ಜಾರುತ್ತದೆ ನೋಡಿ ಅನ್ನುತ್ತಾರೆ. ಇಲ್ಲಿಯವರೆಗೆ ಸರಿ. ಮುಂದಿನ ಸಾಲು: ಭಾರವಾದ ವಸ್ತು ಬೇಗ ಜಾರುತ್ತದೆ. ಇಲ್ಲಾರೀ! ಬರೀ ತುಂಡು 22 ಡಿಗ್ರಿಯಲ್ಲಿ ಜಾರಿತು. ನಾಲ್ಕೂ ಬಿಲ್ಲೆ ಹೇರಿ, ಬೀಳದಂತೆ ರಬ್ಬರ್ ಬ್ಯಾಂಡ್ ಹಾಕಿ, ಮತ್ತೆ ಎತ್ತಿದರೂ 22, ಒಂದೊಂದು ಸಲ 21, ಒಂದೊಂದು ಸಲ 23. ಭಾರ ಹೆಚ್ಚಾದರೆ ಕೆಳಗೆ ಎಳೆಯುವ ಬಲ ಹೆಚ್ಚುತ್ತದೆ ನಿಜ, ಆದರೆ ಹಲಗೆಯನ್ನು ಒತ್ತುವ ಬಲವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಹಾಗಾಗಿ ಹಿಡಿದು ನಿಲ್ಲಿಸುವ ಘರ್ಷಣೆಯೂ ಹೆಚ್ಚುತ್ತದೆ. ಕೋನ ಅಲ್ಲೇ ಇರುತ್ತದೆ. ಇನ್ನೂ ಮಜಾ ಏನು ಗೊತ್ತಾ? ಮೊದಲು ತಕ್ಕಡಿಯಲ್ಲಿ ತುಂಡು ಬಿಟ್ಟುಕೊಂಡಿದ್ದು 0.4ರಲ್ಲಿ, ತುಂಡಿನ ತೂಕ 0.98. ಭಾಗಿಸಿದರೆ, ಅಂದರೆ ಘರ್ಷಣೆ ತೂಕದ ಎಷ್ಟು ಪಾಲು ಅಂತ ನೋಡಿದರೆ, 0.41 ಬರುತ್ತದೆ. ಫೋನಿನ ಕ್ಯಾಲ್ಕುಲೇಟರಲ್ಲಿ 22 ಡಿಗ್ರಿಗೆ ಟ್ಯಾನ್ (ಇಳಿಜಾರಿನ ಎತ್ತರವನ್ನು ಅಡಿಯ ಉದ್ದದಿಂದ ಭಾಗಿಸಿದ ಅಂಕಿ) ಒತ್ತಿ ನೋಡಿ, 0.40. ಎಳೆದು ಅಳೆದಿದ್ದೂ ಎತ್ತಿ ಅಳೆದಿದ್ದೂ ಒಂದೇ ಜಾಗಕ್ಕೆ ಬಂದು ನಿಂತವು. ಎಂಟನೇ ಕ್ಲಾಸಿಗೆ ಟ್ಯಾನ್ ಇಲ್ಲ, ಗೊತ್ತು. ಆದರೆ ಇಷ್ಟು ಒಳ್ಳೆಯ ವಿಷಯ ಕೈಯಲ್ಲೇ ಇಟ್ಟುಕೊಂಡು ಅದನ್ನು ಬಿಟ್ಟು ತಪ್ಪು ಸಾಲು ಅಚ್ಚು ಹಾಕಿದ್ದಾರಲ್ಲ, ಹೊಟ್ಟೆ ಉರಿಯುತ್ತದೆ. ಬರೆದವರು ತಮ್ಮದೇ ಡಬ್ಬಿ ತೆಗೆದು ಒಮ್ಮೆಯಾದರೂ ಮಾಡಿ ನೋಡಿದ್ದರೆ ಆ ಎರಡು ಪುಟ ಹೀಗೆ ಇರುತ್ತಿರಲಿಲ್ಲ.

ತುಂಡಿನ ಬೇರೆ ಮುಖಗಳಿಗೆ ಸ್ಯಾಂಡ್‌ಪೇಪರ್ ಮತ್ತು ಬಟ್ಟೆ ಇವೆ. ಸ್ಯಾಂಡ್‌ಪೇಪರಿಗೆ 0.7 ಬಂತು. ನಾವು ಇದಕ್ಕೆ ಮನೆಯ ಕೇರಂ ಬೋರ್ಡನ್ನೂ ಸೇರಿಸಿದೆವು. ಬರೀ ಬೋರ್ಡಿನ ಮೇಲೆ ಒಂದು ಅಳತೆ, ಪೌಡರ್ ಉದುರಿಸಿ ಇನ್ನೊಂದು. ಮುಳ್ಳು ಚೆನ್ನಾಗಿಯೇ ಇಳಿಯುತ್ತದೆ. ಆ ಪೌಡರ್ ಬೋರಿಕ್ ಆಮ್ಲ. ಅದರ ಹರಳು ಪದರ ಪದರವಾಗಿರುತ್ತದೆ, ಒಂದು ಪದರ ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ಪೆನ್ಸಿಲ್ ಕಡ್ಡಿಯ ಗ್ರಾಫೈಟಿನದೂ ಇದೇ ಗುಣ. ಒಂದು ಎಚ್ಚರ, ಚಿಕ್ಕ ಮಕ್ಕಳಿದ್ದರೆ ಪೌಡರ್ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಅದು ತಿನ್ನುವ ಪದಾರ್ಥ ಅಲ್ಲ. ಹಾಗೆಯೇ ‘ಮೈ ನಯವಾದಷ್ಟೂ ಘರ್ಷಣೆ ಕಡಿಮೆ’ ಅನ್ನುವ ಮಾತನ್ನೂ ಪೂರ್ತಿ ನಂಬಬೇಡಿ. ಚೆನ್ನಾಗಿ ತೊಳೆದು ಒರೆಸಿದ ಎರಡು ಗಾಜಿನ ಚೂರನ್ನು ಒಂದರ ಮೇಲೊಂದು ಇಟ್ಟು ಜಾರಿಸಲು ಹೋದರೆ ಕಚ್ಚಿಕೊಳ್ಳುತ್ತವೆ. ಒಂದು ಹದದ ತನಕ ನಯ ಮಾಡಿದರೆ ಲಾಭ, ಅದು ದಾಟಿದರೆ ಎರಡು ಮೈ ಒಂದಕ್ಕೊಂದು ಅಂಟಿಕೊಳ್ಳಲು ಶುರು.

ಬ್ಯಾಟರಿ ಕಾರು ನೋಡಿ ಮೊದಲು ಮೂಗು ಮುರಿದಿದ್ದೆ. ಜಾತ್ರೆಯಲ್ಲಿ ನೂರು ರೂಪಾಯಿಗೆ ಸಿಗುವ ಆಟಿಕೆ ತರಹ ಇದೆ. ಆದರೆ ಅದರ ಹಿಂದಿನ ಚಕ್ರಗಳಿಗೆ ಹಾಕಿದ ರಬ್ಬರ್ ಬಳೆ ಕಳಚಿ ಬರುತ್ತದೆ, ಅದೇ ಕೆಲಸಕ್ಕೆ ಬಂತು. ಬಳೆ ಇದ್ದಾಗ ಸ್ಟೀಲ್ ತಟ್ಟೆಯ ಮೇಲೆ ಓಡುತ್ತದೆ. ಬಳೆ ತೆಗೆದು, ತಟ್ಟೆಗೆ ಒಂದಿಷ್ಟು ಸೋಪ್ ನೀರು ಸವರಿ ಬಿಟ್ಟರೆ ಚಕ್ರ ಗಿರಗಿರ ಸುತ್ತುತ್ತದೆ, ಕಾರು ಇದ್ದಲ್ಲೇ. ಘರ್ಷಣೆ ಅಂದರೆ ಬರೀ ತಡೆಯುವುದು ಅಂತ ಮಕ್ಕಳ ತಲೆಯಲ್ಲಿ ಕೂತಿರುತ್ತದೆ. ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತದೆ, ನೆಲ ಘರ್ಷಣೆಯ ಮೂಲಕ ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ನಾವು ನಡೆಯುವುದೂ ಹೀಗೆಯೇ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಒಂದು ಹೆಜ್ಜೆ ಇಟ್ಟವರಿಗೆ ಘರ್ಷಣೆಯ ಬೆಲೆ ಗೊತ್ತು. ಪುಸ್ತಕದಲ್ಲಿ ಕಾರಿಗೆ ಕೊಟ್ಟಿರುವ ಕೆಲಸ ಏನು ಅಂದರೆ, ಎಷ್ಟು ದೂರ ಓಡಿತು ಸ್ಕೇಲಿನಲ್ಲಿ ಅಳೆಯಿರಿ. ಅಷ್ಟೇ. ಬಳೆ ಕಳಚುತ್ತದೆ ಅನ್ನುವ ಸುದ್ದಿಯೇ ಇಲ್ಲ.

ರಾಟೆಗಳು ಕಳಪೆ. ಅಚ್ಚು ಸರಿಯಾಗಿ ಕೂರಲ್ಲ, ತಿರುಗುವಾಗ ಕಿರ್ ಅನ್ನುತ್ತದೆ. ಒಂಟಿ ರಾಟೆಯಲ್ಲಿ ಎತ್ತುವ ಬಲ ಭಾರಕ್ಕೆ ಸಮ ಅಂತ ಪುಸ್ತಕ ಹೇಳುತ್ತದೆ. 200 ಗ್ರಾಂ ತೂಗುಹಾಕಿ ದಾರವನ್ನು ಅಡ್ಡಲಾಗಿ ಎಳೆದರೆ ಏರಿಸುವಾಗ 2.3, ಇಳಿಸುವಾಗ 1.7. ಬೇರೆಯವರು ಇದನ್ನು ಕಂಪ್ಲೇಂಟ್ ಅಂತ ಬರೆದಿದ್ದಾರೆ, ನನಗೆ ಇದು ಇಷ್ಟವಾಯಿತು. ಏರಿಸುವಾಗ ಘರ್ಷಣೆ ನಮ್ಮ ವಿರುದ್ಧ, ಇಳಿಸುವಾಗ ನಮ್ಮ ಪರ. ಎರಡರ ನಡುವೆ 2.0, ಅದೇ ಹೆಚ್ಚುಕಡಿಮೆ ನಿಜವಾದ ತೂಕ. ಅಚ್ಚಿಗೆ ಒಂದು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟ ಮೇಲೆ ಎರಡೂ ಅಂಕಿ ಹತ್ತಿರ ಹತ್ತಿರ ಬಂದವು.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಬೇರೆ ಕಡೆ. ಇಷ್ಟೆಲ್ಲ ತುಂಬಿಸಿದವರು ಸ್ಪ್ರಿಂಗ್ ತಕ್ಕಡಿ ಒಂದೇ ಕೊಟ್ಟಿದ್ದಾರೆ. ಪ್ಯಾರಾಚೂಟ್ ಬಿಟ್ಟು ಎರಡನೇ ತಕ್ಕಡಿ ಹಾಕಬಾರದಿತ್ತಾ? ಎರಡು ತಕ್ಕಡಿಯ ಕೊಕ್ಕೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ಒಂದನ್ನು ಅಪ್ಪ ಹಿಡಿಯಲಿ, ಒಂದನ್ನು ಮಗು. ಅಪ್ಪ ಎಷ್ಟೇ ದಮ್ಮು ಕಟ್ಟಿ ಎಳೆಯಲಿ, ಮಗು ಸುಮ್ನೆ ಹಿಡಿದು ನಿಂತಿರಲಿ, ಎರಡೂ ಮುಳ್ಳು ಒಂದೇ ಅಂಕಿ ತೋರಿಸುತ್ತವೆ. ನ್ಯೂಟನ್ನನ ಮೂರನೇ ನಿಯಮಕ್ಕೆ ಇದಕ್ಕಿಂತ ಸರಳ ದಾರಿ ನನಗೆ ಗೊತ್ತಿಲ್ಲ. ‘ಪ್ರತಿ ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ’ ಅಂತ ಮಂತ್ರದ ಹಾಗೆ ಹೇಳುವ ಮಕ್ಕಳು ಈ ಎರಡು ಮುಳ್ಳು ನೋಡಿದಾಗ ಮೊದಲು ನಂಬುವುದೇ ಇಲ್ಲ, ತಕ್ಕಡಿ ಅದಲುಬದಲು ಮಾಡಿಸುತ್ತಾರೆ. ನಾನು ಇನ್ನೊಂದನ್ನು ಲ್ಯಾಬ್ ಸಾಮಾನಿನ ಅಂಗಡಿಯಿಂದ ಇನ್ನೂರು ರೂಪಾಯಿ ಒಳಗೆ ತಂದೆ.

ಗುರುತ್ವದ ಭಾಗಕ್ಕೆ ಬಂದರೆ ಕಿಟ್ ಮುಗ್ಗರಿಸುತ್ತದೆ. ಒಂದು ಮೀಟರ್ ಎತ್ತರದಿಂದ ಗುಂಡು ಬಿಟ್ಟು ಸ್ಟಾಪ್‌ವಾಚಿನಲ್ಲಿ ಸಮಯ ಅಳೆಯಿರಿ ಅನ್ನುತ್ತಾರೆ. ಒಂದು ಮೀಟರ್ ಬೀಳಲು ಬೇಕಾಗುವುದು 0.45 ಸೆಕೆಂಡ್. ಕಣ್ಣು ನೋಡಿ ಬೆರಳು ಒತ್ತುವುದಕ್ಕೇ 0.2 ಸೆಕೆಂಡ್ ಹೋಗುತ್ತದೆ. ಅಳೆಯುವುದರಲ್ಲಿ ಅರ್ಧದಷ್ಟು ನಮ್ಮ ಬೆರಳಿನ ಸೋಮಾರಿತನ! ನಮಗೆ 0.3ರಿಂದ 0.7ರವರೆಗೆ ಏನೇನೋ ಬಂತು. ಫೋನಿನಲ್ಲಿ ಸ್ಲೋ ಮೋಷನ್ ಇದ್ದರೆ ಅದನ್ನು ಬಳಸಿ. ಸೆಕೆಂಡಿಗೆ 240 ಚಿತ್ರ ತೆಗೆಯುವ ಕ್ಯಾಮೆರಾ ಆದರೆ ಬೀಳುವುದರೊಳಗೆ ನೂರೆಂಟು ಚಿತ್ರ ಸಿಗುತ್ತವೆ, ಎಣಿಸಿಕೊಂಡರೆ ಆಯಿತು.

ಅದಕ್ಕಿಂತ ಲೋಲಕ ವಾಸಿ. ಕಿಟ್ಟಿನ ಮೊಣಕೈ ಉದ್ದದ ದಾರ ಪಕ್ಕಕ್ಕಿಟ್ಟು ಹೊಲಿಗೆ ದಾರದಲ್ಲಿ ಉಕ್ಕಿನ ಗುಂಡನ್ನು ಕಟ್ಟಿ, ಬಾಗಿಲ ಚೌಕಟ್ಟಿನಿಂದ ಗುಂಡಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರುವಂತೆ ತೂಗುಹಾಕಿ. ಸ್ವಲ್ಪವೇ ಪಕ್ಕಕ್ಕೆ ಎಳೆದು ಬಿಡಿ. ಇಪ್ಪತ್ತು ಸಲ ಹೋಗಿ ಬರಲು 40 ಸೆಕೆಂಡ್ ಚಿಲ್ಲರೆ ಆಗುತ್ತದೆ. ಬೆರಳು 0.2 ತಪ್ಪಿದರೂ 40ರಲ್ಲಿ ಅದು ಲೆಕ್ಕಕ್ಕಿಲ್ಲ. ನಮಗೆ 40.2 ಬಂತು, ಒಂದು ತೂಗಾಟಕ್ಕೆ 2.01. ಅದರಿಂದ ಲೆಕ್ಕ ಹಾಕಿದರೆ ಗುರುತ್ವ ವೇಗೋತ್ಕರ್ಷ 9.77, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಇಷ್ಟು ಮೀಟರ್ ಹೆಚ್ಚುತ್ತದೆ. ಬೆಂಗಳೂರಿನಲ್ಲಿ ಇರಬೇಕಾದ್ದು 9.78. ಪುಸ್ತಕದಲ್ಲಿ 9.8 ಅಂತ ಬರೆದಿರುವುದು ಎಲ್ಲ ಕಡೆಗೆ ಸೇರಿಸಿ ದುಂಡು ಮಾಡಿದ ಅಂಕಿ, ಧ್ರುವದ ಹತ್ತಿರ 9.83 ಇರುತ್ತದೆ, ಸಮಭಾಜಕದಲ್ಲಿ 9.78. ಒಂದು ದಾರ, ಒಂದು ಗುಂಡು, ಬಾಗಿಲು. ಇಷ್ಟರಲ್ಲಿ ಇಷ್ಟು ಹತ್ತಿರದ ಉತ್ತರ ಬರುತ್ತದೆ ಅನ್ನುವುದನ್ನು ಕಿಟ್ ಮಾಡಿದವರು ಹೇಗೆ ಬಿಟ್ಟರೋ.

ಭಾರದ್ದು ಮೊದಲು ಬೀಳುತ್ತದೋ ಹಗುರದ್ದೋ ಅನ್ನುವ ಪ್ರಯೋಗಕ್ಕೆ ಉಕ್ಕು ಮತ್ತು ಪ್ಲಾಸ್ಟಿಕ್ ಗುಂಡು ಸಾಕು, ಎರಡೂ ಒಟ್ಟಿಗೆ ನೆಲ ಮುಟ್ಟುತ್ತವೆ. ಕಾಗದದ ವಿಷಯಕ್ಕೆ ಕಿಟ್ ಬೇಡವೇ ಬೇಡ. ಒಂದು ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದಾಗಿ ಕಾಗದ ಕತ್ತರಿಸಿ, ನಾಣ್ಯದ ಬೆನ್ನ ಮೇಲೆ ಇಟ್ಟು, ನಾಣ್ಯವನ್ನು ಮಟ್ಟವಾಗಿ ಹಿಡಿದು ಬಿಡಿ. ಗಾಳಿಯನ್ನು ನಾಣ್ಯ ಸೀಳಿಕೊಂಡು ಹೋಗುತ್ತದೆ, ಕಾಗದ ಅದರ ಜೊತೆಗೇ ಬೀಳುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಹಕ್ಕಿ ಗರಿ ಒಟ್ಟಿಗೆ ಬಿಟ್ಟ ವಿಡಿಯೋ ಇದೆ. ಇದನ್ನು ಮಾಡಿದ ಮೇಲೆ ಅದನ್ನು ತೋರಿಸಿ, ಮೊದಲೇ ತೋರಿಸಬೇಡಿ.

ಇನ್ನು ಪುಸ್ತಕದ ಹಿಂಬದಿ. ತೇಲುತ್ತಿರುವ ಗಗನಯಾತ್ರಿಯ ಚಿತ್ರ, ಕೆಳಗೆ ‘ಬಾಹ್ಯಾಕಾಶದಲ್ಲಿ ಗುರುತ್ವ ಇಲ್ಲ’ ಅನ್ನುವ ಅರ್ಥದ ಸಾಲು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ತೇಲಾಡುವ ವಿಡಿಯೋ ನಮ್ಮ ಮಕ್ಕಳೆಲ್ಲ ನೋಡಿದ್ದಾರೆ, ಅವರೂ ಹಾಗೆಯೇ ಅಂದುಕೊಂಡಿದ್ದಾರೆ. ಆ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋದಷ್ಟು ದೂರ. ಅಲ್ಲಿ ಭೂಮಿಯ ಎಳೆತ ನೆಲದ ಮೇಲಿರುವುದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿನ ಹತ್ತಿರ ಇದೆ. ಎಳೆತ ಇಲ್ಲದಿದ್ದರೆ ನಿಲ್ದಾಣ ಸುತ್ತುವುದಾದರೂ ಯಾಕೆ, ನೇರವಾಗಿ ಹೊರಟೇ ಹೋಗುತ್ತಿತ್ತು. ಅವರು ತೇಲುವುದು ಎಳೆತ ಇಲ್ಲ ಅಂತ ಅಲ್ಲ, ನಿಲ್ದಾಣ, ಒಳಗಿನ ಮನುಷ್ಯ, ಅವನ ಕೈಯಿಂದ ಜಾರಿದ ಪೆನ್ನು, ಎಲ್ಲವೂ ಭೂಮಿಯ ಸುತ್ತ ಒಂದೇ ರೀತಿ ಬೀಳುತ್ತಲೇ ಇವೆ ಅಂತ.

ಮಾತಿನಲ್ಲಿ ಹೇಳಿದರೆ ಇದು ತಲೆಗೆ ಹೋಗಲ್ಲ. ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯ ಬುಡದ ಹತ್ತಿರ ಮೊಳೆಯಲ್ಲಿ ತೂತು ಮಾಡಿ. ಬೆರಳಿನಿಂದ ಮುಚ್ಚಿಕೊಂಡು ನೀರು ತುಂಬಿಸಿ, ಮುಚ್ಚಳ ಹಾಕಬೇಡಿ. ಬೆರಳು ತೆಗೆದರೆ ಪಿಚಕಾರಿ ಹಾಗೆ ನೀರು ಚಿಮ್ಮುತ್ತದೆ. ಚಿಮ್ಮುತ್ತಿರುವಾಗಲೇ ಬಾಟಲಿ ಕೈಬಿಡಿ. ಬೀಳುತ್ತಿರುವಷ್ಟು ಹೊತ್ತು ನೀರು ಹೊರಗೆ ಬರುವುದಿಲ್ಲ! ಬರಿಗಣ್ಣಿಗೆ ಅರ್ಧ ಸೆಕೆಂಡು, ಸ್ಲೋ ಮೋಷನ್‌ನಲ್ಲಿ ಚೊಕ್ಕವಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದಾಗ ಮೇಲಿನ ನೀರಿನ ಭಾರ ಕೆಳಗಿನ ನೀರನ್ನು ತೂತಿನಿಂದ ಹೊರಗೆ ತಳ್ಳುತ್ತಿತ್ತು, ಬಾಟಲಿಯೂ ನೀರೂ ಒಟ್ಟಿಗೆ ಬೀಳುವಾಗ ಯಾರೂ ಯಾರನ್ನೂ ಒತ್ತುತ್ತಿಲ್ಲ. ಗುರುತ್ವ ಎಲ್ಲೂ ಹೋಗಿಲ್ಲ, ಬೀಳಿಸುತ್ತಿರುವುದೇ ಅದು. ಮಗಳು ಬಾಟಲಿ ಬಿಟ್ಟು ಬಿಟ್ಟು ಅಂಗಳ ಪೂರ್ತಿ ಒದ್ದೆ ಮಾಡಿದಳು, ಪ್ಯಾರಾಚೂಟ್ ಕಡೆ ತಿರುಗಿಯೂ ನೋಡಲಿಲ್ಲ.

ಗುಣಮಟ್ಟದ ಬಗ್ಗೆ ಬೇಗ ಮುಗಿಸುತ್ತೇನೆ. ಬಿಲ್ಲೆಗಳನ್ನು ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದೆ, ಒಂದು 50ರ ಬದಲು 47 ಗ್ರಾಂ ಇತ್ತು, ಮಿಕ್ಕವು ಪರವಾಗಿಲ್ಲ. ಫೋಟೋ ಹಾಕಿ ದೂರು ಕೊಟ್ಟೆ, ಬೇರೆ ಕಳಿಸಿದರು, ಆದರೆ ಅದಕ್ಕೆ ಮೊದಲು ‘ನಿಮ್ಮ ತಕ್ಕಡಿ ಸರಿ ಇದೆಯಾ’ ಅಂತ ಕೇಳಿದ್ದು ನಗು ತರಿಸಿತು. ಹಲಗೆಯ ಕೀಲು ಸಡಿಲ. ಪುಸ್ತಕ ಇಂಗ್ಲಿಷ್ ಮತ್ತು ಹಿಂದಿಯಲ್ಲಿದೆ, ಕನ್ನಡ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಕೊಡುವುದಾದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂರಲೇಬೇಕು. ಆ ತಪ್ಪುಗಳಿಗೋಸ್ಕರ ಹೇಗೂ ಕೂರಬೇಕು ಬಿಡಿ.

ದುಡ್ಡು ಹಾಕುವ ಮೊದಲು ಎರಡು ಕಡೆ ನೋಡಿ. ಒಂದು, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದವರ ಫೆಟ್ (PhET) ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯಲ್ಲೇ ಮಾಡಿ ನೋಡುವ ಪ್ರಯೋಗಗಳು, ಪೂರ್ತಿ ಉಚಿತ. ನೊಬೆಲ್ ಪಡೆದ ಕಾರ್ಲ್ ವೈಮನ್ 2002ರಲ್ಲಿ ಶುರು ಮಾಡಿದ್ದು. ಬಲ ಮತ್ತು ಚಲನೆಯದರಲ್ಲಿ ಹಗ್ಗಜಗ್ಗಾಟ ಇದೆ, ಪೆಟ್ಟಿಗೆ ತಳ್ಳುವುದಿದೆ, ಘರ್ಷಣೆಯನ್ನು ಪೂರ್ತಿ ಸೊನ್ನೆ ಮಾಡಬಹುದು. ಇದು ಯಾವ ಕಿಟ್ಟಿನಿಂದಲೂ ಆಗಲ್ಲ. ಒಮ್ಮೆ ತಳ್ಳಿ ಬಿಟ್ಟರೆ ಪೆಟ್ಟಿಗೆ ನಿಲ್ಲದೆ ಹೋಗುತ್ತಲೇ ಇರುತ್ತದೆ. ಆದರೆ ಪರದೆಯಲ್ಲಿ ಕೈಗೆ ಎಳೆತ ಗೊತ್ತಾಗಲ್ಲ, ಅದಕ್ಕೆ ತಕ್ಕಡಿಯೇ ಬೇಕು. ಎರಡು, ಬೆಂಗಳೂರಿಗೆ ಹತ್ತಿರ ಇದ್ದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಎಂಜಿನ್ ಹಾಲ್‌ಗೆ ಮತ್ತು ಮೋಜಿನ ವಿಜ್ಞಾನದ ವಿಭಾಗಕ್ಕೆ ನಿಧಾನವಾಗಿ ಸಮಯ ಇಟ್ಟುಕೊಳ್ಳಿ, ಭಾನುವಾರ ಬಿಟ್ಟು ಹೋಗಿ, ಇಲ್ಲದಿದ್ದರೆ ಗುಂಡಿ ಒತ್ತಲು ಸರದಿ ಸಿಗಲ್ಲ.

ಇಷ್ಟರ ಮೇಲೂ ಕಿಟ್ ಯಾರಿಗೆ? ಸ್ಕೂಲಿನಲ್ಲಿ ಲ್ಯಾಬ್ ಇಲ್ಲದ, ಒಂದು ಕ್ಲಾಸಿಗೆ ಒಂದೇ ಸಲ ದುಡ್ಡು ಹಾಕಿ ಎಲ್ಲ ಒಟ್ಟಿಗೆ ಬೇಕು ಅನ್ನುವ ಮೇಷ್ಟ್ರಿಗೆ ಸರಿ. ಮನೆಗೆ ಆದರೆ ಬಿಡಿಯಾಗಿ ತರುವುದೇ ವಾಸಿ: ಎರಡು ಸ್ಪ್ರಿಂಗ್ ತಕ್ಕಡಿ, ಬಡಗಿಯ ಹತ್ತಿರ ಕೇಳಿದರೆ ಸಿಗುವ ಒಂದು ಮರದ ತುಂಡು, ಅದಕ್ಕೊಂದು ಕೊಕ್ಕೆ, ಒಂದು ಹಾಳೆ ಸ್ಯಾಂಡ್‌ಪೇಪರ್. ಐನೂರು ರೂಪಾಯಿ ದಾಟಲ್ಲ. ತಕ್ಕಡಿಯನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಿ ತನ್ನಿ. ಹತ್ತು ರೂಪಾಯಿಯ ನಾಣ್ಯ ಒಂದಕ್ಕೆ 7.7 ಗ್ರಾಂ ಚಿಲ್ಲರೆ. ಇಪ್ಪತ್ತು ನಾಣ್ಯ ತೆಳ್ಳಗಿನ ಕವರಿಗೆ ಹಾಕಿ ಕೊಕ್ಕೆಗೆ ತೂಗುಹಾಕಿ. ಮುಳ್ಳು 155 ಗ್ರಾಂ ಹತ್ತಿರ, ಅಂದರೆ ಒಂದೂವರೆ ನ್ಯೂಟನ್ ಮೇಲೆ ಒಂಚೂರು ನಿಂತರೆ ತಗೊಳ್ಳಿ. ಇಲ್ಲದಿದ್ದರೆ ಅದನ್ನು ವಾಪಸ್ ಕೊಟ್ಟು ಡಬ್ಬಿಯಿಂದ ಬೇರೊಂದು ತೆಗೆಸಿ.